ಕಿಡ್ನಿ ತೊಂದರೆ ಇದ್ದವರ ಊಟ: ಕೋಲಾರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಕಿಡ್ನಿ ರೋಗಿಗಳ ಊಟ ನೋಡಿಕೊಳ್ಳುವ ಡಯಟಿಷಿಯನ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಪ್ರಶ್ನೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಮಾಲೂರು: ಮೇಡಂ, ಅಪ್ಪನಿಗೆ ಕಿಡ್ನಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 3.2 ಬಂದಿದೆ. ಡಯಾಲಿಸಿಸ್ ಇಲ್ಲ. ಎಳನೀರು ಕೊಡಬಹುದಾ?

ಡಯಟಿಷಿಯನ್: ಸದ್ಯಕ್ಕೆ ಬೇಡ. ಒಂದು ಎಳನೀರಿನಲ್ಲೇ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಿ ಹೇಳಿ.

ಬಂಗಾರಪೇಟೆ: ನಮ್ಮ ಮಾವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮನೆಯಲ್ಲಿ ಮದುವೆ ಇತ್ತು, ಒಂದು ಸಲ ತಪ್ಪಿಹೋಯಿತು. ನಿನ್ನೆಯಿಂದ ಕಾಲಲ್ಲಿ ಶಕ್ತಿಯೇ ಇಲ್ಲ ಅಂತಾರೆ. ಗೋಡೆ ಹಿಡ್ಕೊಂಡು ಏಳ್ತಾರೆ. ಸುಸ್ತು ಅಂತ ದಂಟಿನ ಸೊಪ್ಪಿನ ಬಸ್ಸಾರು, ಮಾವಿನಹಣ್ಣು ಕೊಡ್ತಿದ್ದೀವಿ. ಸೊಪ್ಪನ್ನ ನೀವು ಹೇಳಿದ ಹಾಗೆ ಬೇಯಿಸಿ ನೀರು ಬಸಿದೇ ಕೊಡೋದು. ಶಕ್ತಿ ಬರೋಕೆ ಇನ್ನೇನು ಕೊಡಲಿ?

ಡಯಟಿಷಿಯನ್: ಏನೂ ಕೊಡಬೇಡಿ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯಬೇಡಿ. ಒಂದು ಸಲ ತಪ್ಪಿದೆ ಅನ್ನೋದನ್ನ ಹೋದ ತಕ್ಷಣ ಹೇಳಿ. ಇಸಿಜಿ ಮಾಡಿ, ರಕ್ತದ ಪೊಟ್ಯಾಸಿಯಂ ನೋಡಿ ಅಂತ ಕೇಳಿ.

ಡಯಾಲಿಸಿಸ್ ತಪ್ಪಿದ ಮೇಲೆ ಕಾಲು ಸೋತರೆ ಅದನ್ನ ಬರೀ ಸುಸ್ತು ಅಂದುಕೊಳ್ಳಬಾರದು. ಪೊಟ್ಯಾಸಿಯಂ ಏರಿರಬಹುದು. ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. 6 ದಾಟಿದರೆ ಎದೆಬಡಿತ ಹಾದಿ ತಪ್ಪಬಹುದು. ಎದೆನೋವು ಬರದೆಯೂ ಹೃದಯ ನಿಂತುಹೋಗಬಹುದು.

ಬಸ್ಸಾರಿನ ವಿಷಯ ಎಲ್ಲರೂ ಓದಿ. ಸೊಪ್ಪು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಬಸಿಯಿರಿ ಅಂತ ಹೇಳಿದ್ದು ನಿಜ. ಪೊಟ್ಯಾಸಿಯಂ ನೀರಿಗೆ ಬಿಟ್ಟುಕೊಳ್ಳಲಿ ಅಂತ. ಆದರೆ ಬಸ್ಸಾರು ಮಾಡುವುದು ಆ ಬಸಿದ ನೀರಿನಲ್ಲೇ ಅಲ್ವಾ? ಅದಕ್ಕೇ ಖಾರ ರುಬ್ಬಿ ಹಾಕಿ, ಹುಣಸೆಹಣ್ಣು ಕಿವುಚಿ ಕುದಿಸಿದರೆ ತೆಗೆದದ್ದೆಲ್ಲ ತಟ್ಟೆಗೇ ವಾಪಸ್ ಬರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಆ ನೀರು ಚೆಲ್ಲಿ. ಬೆಂದ ಸೊಪ್ಪಿಗೆ ಒಗ್ಗರಣೆ ಹಾಕಿ ಸ್ವಲ್ಪ ಪಲ್ಯ ಕೊಡಿ, ಸಾಕು. ಮನೆಯ ಉಳಿದವರಿಗೆ ಬಸ್ಸಾರು ಮಾಡಿಕೊಳ್ಳಿ, ರೋಗಿಗೆ ಪಲ್ಯ ಬೇರೆ ತೆಗೆದಿಡಿ.

ಬಂಗಾರಪೇಟೆ: ಆಟೋಗೆ ಹೇಳಿದ್ದೀವಿ ಮೇಡಂ.

ಮುಳಬಾಗಿಲು: ಎಳನೀರು ಒಳ್ಳೇದಾ ಮೇಡಂ?

ಡಯಟಿಷಿಯನ್: ಮೇಲೆ ಬರೆದಿದ್ದೇನೆ.

ಕೆಜಿಎಫ್: ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕಾಯಿಸಿ ಕುಡಿದರೆ ಹೋಗುತ್ತಾ?

ಶ್ರೀನಿವಾಸಪುರ: ಎಲ್ಲರಿಗೂ ಉಪಯೋಗ ಆಗಲಿ. ಕೊತ್ತಂಬರಿ ಸೊಪ್ಪಿನ ಕಷಾಯ ದಿನಾ ಒಂದು ಲೋಟ ಕುಡಿದರೆ ಕಿಡ್ನಿ ತೊಳೆದಂತಾಗುತ್ತೆ, ಡಯಾಲಿಸಿಸ್ ಬೇಕಿಲ್ಲ. ಹತ್ತು ಜನಕ್ಕೆ ಕಳಿಸಿ.

ಡಯಟಿಷಿಯನ್: ದಯವಿಟ್ಟು ಇದನ್ನ ತೆಗೀರಿ. ಸೊಪ್ಪು ಕುದಿಸಿದ ನೀರು ಅಂದರೆ ಪೊಟ್ಯಾಸಿಯಂ ಇಳಿದ ನೀರು. ಈಗ ತಾನೇ ಅದನ್ನೇ ಬರೆದೆ. ಇದನ್ನ ನಂಬಿ ಡಯಾಲಿಸಿಸ್ ಬಿಟ್ಟರೆ ಜೀವ ಹೋಗುತ್ತದೆ. ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನೂ ಮುಟ್ಟಬೇಡಿ. ಕಿಡ್ನಿ ಕೆಟ್ಟವರಿಗೆ ಅದರ ವಿಷ ತಲೆಗೇರಿ ಬಿಕ್ಕಳಿಕೆ, ಫಿಟ್ಸ್ ಬರಬಹುದು.

ಶ್ರೀನಿವಾಸಪುರ: ನಮ್ಮ ಅಜ್ಜಿ ಕಾಲದಿಂದ ಕುಡೀತಿದ್ದೀವಿ. ಯಾರಿಗೆ ಏನಾಯ್ತು?

ಮಾಲೂರು: ನಿಮ್ಮ ಅಜ್ಜಿಗೆ ಕಿಡ್ನಿ ಸರಿ ಇತ್ತು ಅಣ್ಣ. ನಮ್ಮಪ್ಪನಿಗೆ ಇಲ್ಲ.

ಶ್ರೀನಿವಾಸಪುರ: ಸುಮ್ನೆ ಹೆದರಿಸ್ತೀರಿ. ಎಳನೀರು ಬೇಡ, ಬಸ್ಸಾರು ಬೇಡ. ನಾಳೆ ಮುದ್ದೆನೂ ಬೇಡ ಅಂತೀರಿ. ಕೋಲಾರದವರು ಇನ್ನೇನು ತಿನ್ನೋದು?

ಚಿಂತಾಮಣಿ: ನಮ್ಮ ಡಾಕ್ಟರ್ ಮುದ್ದೆ ಪೂರ್ತಿ ಬಿಡಿ ಅಂದ್ರು.

ಮುಳಬಾಗಿಲು: ನಮ್ಮ ಡಾಕ್ಟರ್ ತಿನ್ನಿ ಅಂದ್ರು. ನಿಮ್ಮವರಿಗೆ ಗೊತ್ತಿಲ್ಲ ಬಿಡಿ.

ಚಿಂತಾಮಣಿ: ಮಾತು ನೋಡ್ಕೊಂಡು ಆಡಿ.

ಡಯಟಿಷಿಯನ್: ಜಗಳ ಬೇಡ. ಇಬ್ಬರ ಡಾಕ್ಟರೂ ಅವರವರ ರಿಪೋರ್ಟ್ ನೋಡಿ ಹೇಳಿರುತ್ತಾರೆ. ಅಕ್ಕಿಗಿಂತ ರಾಗಿಯಲ್ಲಿ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಎರಡೂ ಜಾಸ್ತಿ. ರಕ್ತದಲ್ಲಿ ಎರಡೂ ಹತೋಟಿಯಲ್ಲಿದ್ದರೆ ಸಣ್ಣ ಮುದ್ದೆ ತಿನ್ನಬಹುದು. ಇಲ್ಲದಿದ್ದರೆ ಅನ್ನ.

ಬಂಗಾರಪೇಟೆಯವರೇ, ಆಸ್ಪತ್ರೆ ತಲುಪಿದಿರಾ?

ಗೌರಿಬಿದನೂರು: ಅಮ್ಮನಿಗೆ ಡಯಾಲಿಸಿಸ್ ಇದೆ. ರಾತ್ರಿಯೆಲ್ಲ ಮೈ ಕಡಿತ, ಬೆನ್ನು ಕೆರೆದು ಕೆರೆದು ಗಾಯ ಆಗಿದೆ. ಆಗಲೇ ಒಂದು ಸಲ ಕೇಳಿದ್ದೆ, ಜಗಳದಲ್ಲಿ ಯಾರೂ ನೋಡಲಿಲ್ಲ.

ಡಯಟಿಷಿಯನ್: ರಕ್ತದಲ್ಲಿ ರಂಜಕ ಎಷ್ಟಿದೆ? ಅದು ಏರಿದರೂ ಮೈ ಕಡಿಯಬಹುದು. ರಂಜಕ ಇಳಿಸೋಕೆ ಕೊಟ್ಟಿರುವ ಮಾತ್ರೆಯನ್ನ ಊಟದ ಜೊತೆಗೇ ನುಂಗಬೇಕು, ಆಮೇಲೆ ನುಂಗಿದರೆ ಕೆಲಸ ಮಾಡಲ್ಲ. ತುಂಬಾ ಬಿಸಿ ನೀರಿನ ಸ್ನಾನ ಬೇಡ. ಮೈ ಒರೆಸಿ, ಹಸಿ ಆರುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಗಾಯ ಡಾಕ್ಟರಿಗೆ ತೋರಿಸಿ.

ಮಾಲೂರು: ಪೊಟ್ಯಾಸಿಯಂ 5.4 ಇದೆ ಮೇಡಂ. ಉಪ್ಪು ಕಮ್ಮಿ ಮಾಡೋಕೆ ಲೋ ಸೋಡಿಯಂ ಉಪ್ಪು ತಂದಿದ್ದೀವಿ.

ಡಯಟಿಷಿಯನ್: ಅದನ್ನ ಅಪ್ಪನಿಗೆ ಹಾಕಲೇಬೇಡಿ. ಸೋಡಿಯಂ ಕಮ್ಮಿ ಮಾಡೋಕೆ ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ. ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ. ಈ ರಿಪೋರ್ಟ್ ಡಾಕ್ಟರಿಗೆ ನಾಳೆಯೇ ತೋರಿಸಿ.

ಮುಳಬಾಗಿಲು: ಮಂಡಿನೋವಿಗೆ ಮೆಡಿಕಲ್ ಸ್ಟೋರ್ ಮಾತ್ರೆ ತಗೋಬಹುದಾ?

ಡಯಟಿಷಿಯನ್: ಕೇಳದೆ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಉಳಿದಿರುವ ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಎಷ್ಟು ಅಂತ ನಿಮ್ಮ ಡಾಕ್ಟರನ್ನ ಕೇಳಿ.