ಯಾವ ವಯಸ್ಸಿನವರನ್ನು ಮೊದಲು ಹೊರಗೆ ಬಿಡುವುದು? ಡಾಕ್ಟರರನ್ನು ಕೇಳಿ

ಪ್ರಶ್ನೆ: ಪಂಚಾಯತು ಸದಸ್ಯೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ

ನಮಸ್ಕಾರ ಡಾಕ್ಟ್ರೇ. ನಮ್ಮ ಪಂಚಾಯತಿನ ವಿಪತ್ತು ನಿರ್ವಹಣಾ ಯೋಜನೆಯನ್ನು ತಿದ್ದಿ ಬರೆಯುತ್ತಿದ್ದೇವೆ. ಸಾಂಕ್ರಾಮಿಕದ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ ಹೀಗಿದೆ: “ಲಾಕ್‌ಡೌನ್ ಸಡಿಲಿಸುವಾಗ ಮೊದಲು 18ರಿಂದ 45ರವರು, ಎರಡು ವಾರ ಕಳೆದು 45ರಿಂದ 60ರವರು, ಕೊನೆಗೆ 60 ದಾಟಿದವರು ಮತ್ತು 10ರ ಕೆಳಗಿನ ಮಕ್ಕಳು.” ಓದಲು ಚೆಂದ ಇದೆ. ಆದರೆ ನನ್ನ ವಾರ್ಡಿನಲ್ಲಿ ಅಜ್ಜಿಯಿಲ್ಲದ ಮನೆ ಹುಡುಕುವುದೇ ಕಷ್ಟ. ಇದು ನಡೆಯುವ ಮಾತೇ?

ಉತ್ತರ: ಸಮುದಾಯ ಆರೋಗ್ಯ ವೈದ್ಯೆ

ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಸರಿಯೇ. ಕೋವಿಡ್‌ನಲ್ಲಿ ಸಾವಿನ ಅಪಾಯ ವಯಸ್ಸಿನ ಜೊತೆ ಏರಿದ ರೀತಿ ನೋಡಿ. 2020ರಲ್ಲಿ, ಲಸಿಕೆ ಬರುವ ಮೊದಲು, ಹೆಚ್ಚಾಗಿ ಶ್ರೀಮಂತ ದೇಶಗಳ ಅಂಕಿಗಳಿಂದ ಕಟ್ಟಿದ ಲೆಕ್ಕ ಇದು: ಸೋಂಕು ತಗಲಿದ 10,000 ಮಂದಿಯಲ್ಲಿ ಸಾಯುವವರು 25ರ ಪ್ರಾಯದಲ್ಲಿ ಸುಮಾರು 1, 55ರಲ್ಲಿ 40, 65ರಲ್ಲಿ 140, 75ರಲ್ಲಿ 460. ಈ ಏರು ನೋಡಿಯೇ 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು “20ರಿಂದ 30ರವರನ್ನು ಮೊದಲು ಬಿಡಿ” ಎಂದು ಬರೆದರು. ಆದರೆ ಅದಕ್ಕೊಂದು ಷರತ್ತಿತ್ತು: ಅಪ್ಪ ಅಮ್ಮನ ಜೊತೆ ವಾಸ ಇಲ್ಲದವರು ಮಾತ್ರ. ನಿಮ್ಮ ಕರಡಿನಲ್ಲಿ ಬಿಟ್ಟುಹೋದದ್ದು ಆ ಒಂದು ಸಾಲು.

ಅದು ಬಿಟ್ಟರೆ ಏನಾಗುತ್ತದೆ, ಲೆಕ್ಕ ಹಾಕೋಣ. ಒಂದು ಮನೆಯಲ್ಲಿ 25ರ ಮೊಮ್ಮಗ, 75ರ ಅಜ್ಜಿ. ಮೊದಲ ಅಲೆಯ ವೈರಸ್ ಮನೆಗೆ ಬಂದರೆ, ಜೊತೆಗಿರುವ ಒಬ್ಬೊಬ್ಬರಿಗೂ ತಗಲುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ಇಂಥ 10,000 ಮನೆಗಳಲ್ಲಿ ಮೊಮ್ಮಕ್ಕಳಿಗೆ ಸೋಂಕು ಬಂತು ಎಂದಿಟ್ಟುಕೊಳ್ಳಿ. ತೀರಿಹೋಗುವ ಮೊಮ್ಮಕ್ಕಳು 1. ಸೋಂಕು ತಗಲುವ ಅಜ್ಜಿಯರು ಸುಮಾರು 1,670. ಅವರಲ್ಲಿ ತೀರಿಹೋಗುವವರು 77. ಹುಡುಗ ಹೊರಗೆ ಹೋದದ್ದರ ಅಪಾಯದ ಹೆಚ್ಚಿನ ಪಾಲು ಅವನ ಮೈಮೇಲಿಲ್ಲ, ಒಳಕೋಣೆಯಲ್ಲಿ ಕೂತವರ ಮೇಲಿದೆ. ಡೆಲ್ಟಾ, ಒಮಿಕ್ರಾನ್ ಮನೆಯೊಳಗೆ ಇನ್ನೂ ಬೇಗ ಹರಡಿದವು. ಲಸಿಕೆಯಾದ ಮೇಲೆ ಸಾವಿನ ಅಂಕಿ ಬಹಳ ಇಳಿಯಿತು. ಅಂಕಿಗಳು ಬದಲಾದರೂ ಲೆಕ್ಕದ ದಾರಿ ಅದೇ.

ಹಾಗಾಗಿ ವಿಂಗಡಣೆ ಮನೆಯಿಂದ ಶುರುವಾಗಲಿ, ವಯಸ್ಸು ಅದರೊಳಗೆ ಬರಲಿ.

‘ಅ’ ಮನೆ: 60 ದಾಟಿದವರಿಲ್ಲ, ದೀರ್ಘ ಕಾಯಿಲೆಯವರಿಲ್ಲ, ಬಸುರಿಯರಿಲ್ಲ.
‘ಆ’ ಮನೆ: ಅಂಥವರಿದ್ದಾರೆ, ಬೇರೆ ಕೋಣೆ ಬಿಟ್ಟುಕೊಡಬಹುದು.
‘ಇ’ ಮನೆ: ಅಂಥವರಿದ್ದಾರೆ, ಕೋಣೆ ಬಿಡಲು ಜಾಗವಿಲ್ಲ.

ಮೊದಲ ಹಂತದಲ್ಲಿ ‘ಅ’ ಮನೆಯ ದುಡಿಯುವವರೆಲ್ಲ ಹೊರಗೆ ಬರಬಹುದು, 58 ಆದರೂ. ‘ಆ’ ಮನೆಯವರು ಬಯಲಿನ ಕೆಲಸಕ್ಕೆ: ತೋಟ, ಕಟ್ಟೋಣ, ರಸ್ತೆ. ‘ಇ’ ಮನೆಯವರಿಗೆ “ಕಾಯಿರಿ” ಎಂದಷ್ಟೇ ಬರೆದರೆ ಯಾರೂ ಕಾಯುವುದಿಲ್ಲ, ಹೊಟ್ಟೆ ಕೇಳಬೇಕಲ್ಲ. ರೇಶನ್ ಕಿಟ್, ಲಸಿಕೆಯಲ್ಲಿ ಮೊದಲ ಸರದಿ, ಜ್ವರ ಬಂದವರು ಹೋಗಿ ಉಳಿಯಲು ಒಂದು ಜಾಗ, ಈ ಮೂರನ್ನೂ ಅದೇ ಪುಟದಲ್ಲಿ ಬರೆಯಿರಿ. 2021ರಲ್ಲಿ ಪಂಚಾಯತುಗಳು ನಡೆಸಿದ ಡಿಸಿಸಿಗಳ (ಮನೆಯಲ್ಲಿ ಬೇರೆ ಇರಲು ಜಾಗವಿಲ್ಲದ ಸೋಂಕಿತರು ಉಳಿಯುವ ಕೇಂದ್ರಗಳ) ಉಪಯೋಗ ಇದೇ ಆಗಿತ್ತು.

ಸೇರಿಸುತ್ತೇನೆ: ಹೆಲ್ತ್ ಇನ್‌ಸ್ಪೆಕ್ಟರ್

ಮೇಡಂ ಹೇಳಿದ ವಿಂಗಡಣೆಗೆ ರೇಶನ್ ಕಾರ್ಡನ್ನೇ ನಂಬಿ ಕೂರಬೇಡಿ ಸದಸ್ಯರೇ. ಕಾರ್ಡಿನಲ್ಲಿ ಹೆಸರಿರುವ ಮಗ ದುಬೈಯಲ್ಲಿರುತ್ತಾನೆ. ಹೆಸರಿಲ್ಲದ ಅಜ್ಜಿ ಎರಡು ತಿಂಗಳು ಇಲ್ಲಿ, ಎರಡು ತಿಂಗಳು ಪೆರ್ಲದ ಮಗಳ ಮನೆಯಲ್ಲಿ. ಫಾರ್ಮಿನಲ್ಲಿ ಒಂದು ಕಾಲಂ ಹಾಕಿ: “ಈ ವಾರ ರಾತ್ರಿ ಇಲ್ಲಿ ಯಾರ್ಯಾರು ಮಲಗುತ್ತಾರೆ, ಯಾವ ಕೋಣೆಯಲ್ಲಿ?” ಆಧಾರ್ ಕಾರ್ಡಿನ ವಯಸ್ಸೂ ಹಾಗೆಯೇ. ಹಳಬರಲ್ಲಿ ಎಷ್ಟೋ ಮಂದಿಯದ್ದು ಅಂದಾಜಿನ ಇಸವಿ. 58 ಎಂದಿರುವವರು ನಿಜಕ್ಕೆ 64 ಇರಬಹುದು. ಅನುಮಾನ ಬಂದರೆ 60 ದಾಟಿದವರ ಗುಂಪಿಗೆ ಹಾಕಿ.

ಒಬ್ಬ ಆಶಾ ಕಾರ್ಯಕರ್ತೆಗೆ ಸುಮಾರು 1,000 ಜನ, ಅಂದರೆ 250 ಮನೆಯ ಆಚೀಚೆ. ದಿನಕ್ಕೆ 25 ಮನೆಯಾದರೆ ಹತ್ತು ದಿನದ ಕೆಲಸ. ಇದನ್ನು ರೋಗ ಬಂದ ಮೇಲೆ ಮಾಡಲು ಹೊರಟರೆ ಸಡಿಲಿಕೆಯ ದಿನ ಕಳೆದಿರುತ್ತದೆ. ವರ್ಷಕ್ಕೊಮ್ಮೆ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಕಿರಾಣಿ ವ್ಯಾಪಾರಿ, ಕುಂಬಳೆ

ಹಿರಿಯರಿಗೆ ಅಂಗಡಿಯಲ್ಲಿ ಬೇರೆ ಸಮಯ ಇಟ್ಟರೆ ಹೇಗೆ ಸಾರ್? 11ರಿಂದ 1 ಅಂತ ಯೋಚನೆ ಇದೆ. ಆ ಹೊತ್ತಿಗೆ ರಷ್ ಕಡಿಮೆ.

ಉತ್ತರ: ಹೆಲ್ತ್ ಇನ್‌ಸ್ಪೆಕ್ಟರ್

11 ಬೇಡ. ಬೆಳಗ್ಗೆ ಶಟರ್ ಎತ್ತಿದ ಮೊದಲ ಒಂದು ಗಂಟೆ ಕೊಡಿ. ರಾತ್ರಿಯಿಡೀ ಒಳಗೆ ಉಸಿರು ಬಿಟ್ಟವರಿಲ್ಲದ ಕಾರಣ ಆಗ ಒಳಗಿನ ಗಾಳಿ ಶುದ್ಧ ಇರುತ್ತದೆ. 11ಕ್ಕೆ ಹೊರಗೆ ರಷ್ ಇಲ್ಲದಿರಬಹುದು, ಆದರೆ ಆಗಲೇ ನೂರು ಮಂದಿ ಬಂದುಹೋದ ಗಾಳಿ ಹಿಂದಿನ ಗೋಡೌನಿನ ಕಡೆ ನಿಂತಿರುತ್ತದೆ. ಹಿಂಬದಿ ಕಿಟಕಿ ತೆಗೆದಿಡಿ. ಫ್ಯಾನ್ ಇದ್ದರೆ ಗಾಳಿಯನ್ನು ಹೊರಗೆ ತಳ್ಳುವ ಹಾಗೆ ತಿರುಗಿಸಿ.

ಇದು ಕೆಟ್ಟುಹೋಗುವುದು ಬಸ್ಸಿನಲ್ಲಿ. ಒಳಪ್ರದೇಶದ ಮೊದಲ ಬಸ್ಸು 9ಕ್ಕೆ ಪೇಟೆ ತಲುಪುವುದಾದರೆ ಅಂಗಡಿಯ 8ರ ಸಮಯ ಯಾರಿಗೂ ಸಿಗುವುದಿಲ್ಲ. ಬಂದವರೂ ಕಾಲೇಜು ಮಕ್ಕಳ ಜೊತೆ ಅದೇ ಬಸ್ಸಿನಲ್ಲಿ ಜೋತಾಡಿಕೊಂಡು ಬಂದಿರುತ್ತಾರೆ. ಸಮಯ ಗೊತ್ತು ಮಾಡುವ ಮೊದಲು ಬಸ್ಸಿನವರನ್ನು ಕೇಳಿ. ಅದಕ್ಕಿಂತ ಸುಲಭ, ಹಿರಿಯರ ಚೀಟಿ ಫೋನಿನಲ್ಲಿ ಬರೆದುಕೊಂಡು ಸಾಮಾನು ಕಟ್ಟಿಡಿ. ರೇಶನ್‌ಗಂತೂ ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳಾದರೂ ನಡೆಯುತ್ತದೆ, ಅಜ್ಜ ಬರಲೇಬೇಕೆಂದಿಲ್ಲ.

ಪ್ರಶ್ನೆ: ನಿವೃತ್ತ ಮಾಷ್ಟ್ರು, ಮಂಜೇಶ್ವರ

2020ರ ಮೇಯಲ್ಲಿ ಕೇಂದ್ರ “65 ದಾಟಿದವರು, 10ರ ಕೆಳಗಿನವರು ಮನೆಯಲ್ಲೇ ಇರಿ” ಎಂದಿತು. 2021ರ ಆಗಸ್ಟಿನಲ್ಲಿ ಕೇರಳದ ಆದೇಶ ಬಂದಾಗ ನಾವು ಮುದುಕರು ಅಂಗಡಿಗೆ ಹೋಗಬಹುದಿತ್ತು, ಮನೆಯ ಹುಡುಗರಿಗೆ ಪ್ರವೇಶ ಇರಲಿಲ್ಲ. ಒಂದೇ ರೋಗಕ್ಕೆ ಎರಡು ನ್ಯಾಯ ಹೇಗೆ?

ಉತ್ತರ: ವೈದ್ಯೆ

ನಡುವೆ ಲಸಿಕೆ ಬಂತು ಮಾಷ್ಟ್ರೇ. 2021ರ ಮಾರ್ಚ್ 1ಕ್ಕೆ 60 ದಾಟಿದವರಿಗೆ, ಏಪ್ರಿಲ್ 1ಕ್ಕೆ 45 ದಾಟಿದವರಿಗೆ, ಮೇ 1ಕ್ಕೆ 18 ದಾಟಿದವರಿಗೆ ಬಾಗಿಲು ತೆರೆಯಿತು. ಆಗಸ್ಟಿನ ಆದೇಶ ಅಂಗಡಿಗೆ ಬರುವವರಲ್ಲಿ ಮೂರರಲ್ಲಿ ಒಂದನ್ನು ಕೇಳಿತು: ಎರಡು ವಾರ ಹಿಂದೆ ಒಂದು ಡೋಸ್, ಇಲ್ಲವೇ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್, ಇಲ್ಲವೇ ಒಂದು ತಿಂಗಳ ಹಿಂದೆ ಕೋವಿಡ್ ಬಂದು ವಾಸಿಯಾದದ್ದು. ಡೋಸ್ ಮೊದಲು ಸಿಕ್ಕಿದ್ದು ಹಿರಿಯರಿಗೆ, ಹಾಗಾಗಿ ಪಾಸೂ ಅವರ ಕೈಯಲ್ಲೇ ಉಳಿಯಿತು. ವಯಸ್ಸಿನ ಸಾಲು ತಲೆಕೆಳಗಾದದ್ದು ಹೀಗೆ.

ನನ್ನ ಅಭಿಪ್ರಾಯ ಕೇಳಿದರೆ, ಸಾಮಾನು ತರುವ ಹುಡುಗನನ್ನು ತಡೆದು ಅಜ್ಜನನ್ನು ಪೇಟೆಗೆ ಕಳಿಸುವ ಹಾಗಾದದ್ದು ಆ ಆದೇಶದ ಕೊರತೆ. ಒಂದು ಡೋಸಿನ ರಕ್ಷಣೆ 75ರವರಿಗೆ ಅರೆಬರೆ. ಕೋವಿಶೀಲ್ಡಿನ ಎರಡನೇ ಡೋಸಿಗೆ ಆಗ 12ರಿಂದ 16 ವಾರ ಕಾಯಬೇಕಿತ್ತು ಬೇರೆ. ಯೋಜನೆಯಲ್ಲಿ “ಲಸಿಕೆಯಾದವರು” ಎಂದು ಬರೆಯುವಾಗ ಎಷ್ಟು ಡೋಸ್, ಎಷ್ಟು ದಿನದ ಹಿಂದೆ ಎಂಬುದನ್ನೂ ಬರೆಯಬೇಕು.

ಕರ್ನಾಟಕದ ಗಡಿ ತಲಪಾಡಿ ದಾಟುವಾಗ ನಿಯಮ ಇನ್ನೊಂದು. ಅದೇ ಹೊತ್ತಿಗೆ ಕರ್ನಾಟಕ ಕೇರಳದಿಂದ ಬರುವವರಲ್ಲಿ ಲಸಿಕೆಯಾಗಿದ್ದರೂ ಆರ್‌ಟಿಪಿಸಿಆರ್ ಕೇಳುತ್ತಿತ್ತು. ಮಂಗಳೂರಿನ ಆಸ್ಪತ್ರೆ, ಕಾಲೇಜನ್ನು ನಂಬಿದ ನಮ್ಮಂಥ ಪಂಚಾಯತುಗಳು ಎರಡೂ ಕಡೆಯ ಆದೇಶವನ್ನು ಅಕ್ಕಪಕ್ಕ ಇಟ್ಟು ಬರೆಯಬೇಕು.

ಪ್ರಶ್ನೆ: ಮುಳ್ಳೇರಿಯ ಕಡೆಯ ಓದುಗ

ನಮ್ಮದು ‘ಆ’ ಮತ್ತು ‘ಇ’ ನಡುವಿನ ಮನೆ. ಎರಡು ಕೋಣೆ, ಒಂದು ಚಾವಡಿ, ಒಂದೇ ಪಾಯಿಖಾನೆ. ಅಜ್ಜಿಗೆ 78, ಶುಗರ್ ಇದೆ. ನಾನು ದಿನಾ ಕೆಲಸಕ್ಕೆ ಹೋಗಬೇಕು. ರಿವರ್ಸ್ ಕ್ವಾರಂಟೈನ್ (ಅಪಾಯ ಹೆಚ್ಚಿರುವವರನ್ನು ಉಳಿದವರಿಂದ ಬೇರೆ ಇಡುವುದು) ಅಂದರೆ ಇಲ್ಲಿ ಏನು ಮಾಡುವುದು ಡಾಕ್ಟ್ರೇ?

ಉತ್ತರ: ವೈದ್ಯೆ

ಅಜ್ಜಿಗೆ ಕೊಡುವುದು ದೊಡ್ಡ ಕೋಣೆಯನ್ನಲ್ಲ, ಹೊರಗಿನ ಗಾಳಿ ನೇರ ಬರುವ ಕೋಣೆಯನ್ನು. ಎದುರುಬದುರು ಎರಡು ಕಿಟಕಿ ಇದ್ದರೆ ಉತ್ತಮ. ಒಂದೇ ಇದ್ದರೆ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ ಒಳಮುಖವಾಗಿ ಇಡಿ, ಹೊರಗಿನ ಗಾಳಿಯನ್ನು ಎಳೆದುಕೊಳ್ಳಲಿ. ನಿಮ್ಮ ಕೋಣೆಯಲ್ಲಿ ಉಲ್ಟಾ, ಹೊರಮುಖ. ಈ ಎರಡು ಫ್ಯಾನ್ ಅದಲುಬದಲಾದರೆ ನಿಮ್ಮ ಕೋಣೆಯ ಗಾಳಿ ಅಜ್ಜಿಯ ಕಡೆಗೇ ಹೋಗುತ್ತದೆ, ಜಾಗ್ರತೆ. ಆಟಿಯ ಮಳೆಗೆ ಎಲ್ಲರೂ ಕಿಟಕಿ ಮುಚ್ಚಿ ಕೂರುವುದೇ ನಮ್ಮೂರಲ್ಲಿ ದೊಡ್ಡ ತೊಂದರೆ. ಎರಚಲು ಹೊಡೆಯದ ಬದಿಯದ್ದನ್ನಾದರೂ ತೆರೆದಿಡಿ.

ಪಾಯಿಖಾನೆ ಬೆಳಗ್ಗೆ ಮೊದಲು ಅಜ್ಜಿಗೆ, ಆಮೇಲೆ ಉಳಿದವರಿಗೆ. ಮಧ್ಯೆ ಅವರು ಹೋಗಬೇಕಾದರೆ ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ನಲ್ಲಿ, ಚಿಲಕ ಒರೆಸಿದರೆ ಒಳ್ಳೆಯದು, ಆದರೆ ಅದರಲ್ಲೇ ಶಕ್ತಿ ಮುಗಿಸಬೇಡಿ. ರೋಗ ಹೆಚ್ಚಾಗಿ ಗಾಳಿಯಲ್ಲಿ ಬರುತ್ತದೆ. ತಟ್ಟೆ ಲೋಟ ಸಾಮಾನ್ಯ ಸೋಪಿನಲ್ಲಿ ತೊಳೆದರೆ ಸಾಕು.

ನೀವು ಕೆಲಸದಿಂದ ಬಂದ ಮೇಲೆ ಅಜ್ಜಿಯ ಹತ್ತಿರ ಕೂರುವುದಾದರೆ ಜಗಲಿಯಲ್ಲಿ ಕೂರಿ, ಇಬ್ಬರಿಗೂ ಮಾಸ್ಕ್, ಮಧ್ಯೆ ಎರಡು ಮೀಟರ್. ಊಟ ಒಟ್ಟಿಗೆ ಬೇಡ. ಊಟದ ಹೊತ್ತಿಗೆ ಮಾಸ್ಕ್ ಇರುವುದಿಲ್ಲ, ಮಾತು ನಿಲ್ಲುವುದಿಲ್ಲ. ಶುಗರಿನ ಮಾತ್ರೆ ಒಂದು ತಿಂಗಳಿಗಾಗುವಷ್ಟು ಪಿಎಚ್‌ಸಿಯಿಂದ ತಂದಿಡಿ.

ಇದರ ಅಡ್ಡ ಪರಿಣಾಮವೂ ಇದೆ. ತಿಂಗಳುಗಟ್ಟಲೆ ಮಂಚದಲ್ಲಿ ಕೂತರೆ ತೊಡೆಯ ಬಲ ಹೋಗುತ್ತದೆ, ಆಮೇಲೆ ಬಚ್ಚಲಲ್ಲಿ ಬೀಳುತ್ತಾರೆ. ತುರ್ಕಿಯಲ್ಲಿ 2020ರ ಮಾರ್ಚ್ 21ರಿಂದ 65 ದಾಟಿದವರನ್ನು ಮನೆಯೊಳಗೆ ಇರಿಸಿದ್ದರು. ಮೇ 10ಕ್ಕೆ ಮೊದಲ ಬಾರಿ ಕೆಲವು ಗಂಟೆ ಹೊರಗೆ ಬಿಟ್ಟರು. ಅಷ್ಟು ದಿನ ಕೂರಿಸುವುದು ಬೇಡ. ಅಂಗಳದಲ್ಲಿ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ನಡೆಸಿ. ಅಡಿಕೆ ಒಣಗಿಸುವ ಕಾಲವಾದರೆ ಅಂಗಳದ ಅಂಚಿನಲ್ಲಿ ಒಂದು ದಾರಿ ಬಿಟ್ಟುಕೊಳ್ಳಿ, ಅಡಿಕೆ ಮೇಲೆ ಕಾಲಿಟ್ಟರೆ ಜಾರುತ್ತದೆ.

ನಿಮಗೆ ಜ್ವರವೋ ಗಂಟಲು ಕೆರೆತವೋ ಶುರುವಾದರೆ ಟೆಸ್ಟಿನ ಫಲಿತಾಂಶಕ್ಕೆ ಕಾಯದೆ ಅದೇ ದಿನ ಬೇರೆ ಕಡೆ ಹೋಗಿ. ಲಕ್ಷಣ ಕಾಣುವ ಸುಮಾರು ಎರಡು ದಿನ ಮೊದಲೇ ಹರಡುವುದು ಶುರುವಾಗಿರುತ್ತದೆ, ಮತ್ತೂ ಎರಡು ದಿನ ಸೇರಿಸಬೇಡಿ. ಅಜ್ಜಿಗೆ ದಿನಕ್ಕೆ ಎರಡು ಸಲ ಆಕ್ಸಿಮೀಟರ್ ಇಡಿ. ಐದು ನಿಮಿಷ ಕೂರಿಸಿ, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ ಹಚ್ಚಿದ ಬೆರಳು ಬೇಡ. ಒಂದು ನಿಮಿಷ ಬಿಟ್ಟು ಅಲುಗಾಡದೆ ನಿಂತ ಅಂಕಿ ಬರೆದುಕೊಳ್ಳಿ. 94ಕ್ಕಿಂತ ಕೆಳಗೆ ಬಂದರೆ ಅಂದೇ ಆಸ್ಪತ್ರೆ. 95 ಇದ್ದರೂ ನಿನ್ನೆ 98 ಇದ್ದದ್ದಾದರೆ ಫೋನ್ ಮಾಡಿ ಕೇಳಿ.

ಪ್ರಶ್ನೆ: ಪಂಚಾಯತು ಸದಸ್ಯೆ

ಒಂದು ಹಂತದಿಂದ ಇನ್ನೊಂದಕ್ಕೆ ಯಾವಾಗ ಹೋಗುವುದು? ಕರಡಿನಲ್ಲಿ ಟಿಪಿಆರ್ (ಟೆಸ್ಟ್ ಮಾಡಿದವರಲ್ಲಿ ನೂರಕ್ಕೆ ಎಷ್ಟು ಪಾಸಿಟಿವ್) ನೋಡಿ ಅಂತ ಇದೆ.

ಉತ್ತರ: ವೈದ್ಯೆ

ಟಿಪಿಆರ್ ಒಂದನ್ನೇ ನೋಡಬೇಡಿ. ಯಾರನ್ನು ಟೆಸ್ಟ್ ಮಾಡಿದಿರಿ ಎಂಬುದರ ಮೇಲೆ ಅದು ಕುಣಿಯುತ್ತದೆ. ಲಕ್ಷಣ ಇಲ್ಲದ 200 ಮಂದಿಯನ್ನು ಸಾಲು ನಿಲ್ಲಿಸಿ ಮೂಗಿಗೆ ಕಡ್ಡಿ ಹಾಕಿದರೆ ಟಿಪಿಆರ್ ಇಳಿದೀತು, ರೋಗ ಇಳಿಯುವುದಿಲ್ಲ. 2021ರ ಆಗಸ್ಟಿನಲ್ಲಿ ಕೇರಳ ಅದನ್ನು ಬಿಟ್ಟು ಡಬ್ಲ್ಯುಐಪಿಆರ್‌ಗೆ ಹೋಯಿತು: ವಾರದ ಕೇಸುಗಳನ್ನು 1,000ದಿಂದ ಗುಣಿಸಿ ಜನಸಂಖ್ಯೆಯಿಂದ ಭಾಗಿಸುವುದು. ಮಿತಿ ಮೊದಲು 10 ಇತ್ತು, ಆಮೇಲೆ 8. ಪಂಚಾಯತಿಗೆ ಇದು ಆಗುತ್ತದೆ, ವಾರ್ಡಿಗೆ ಆಗುವುದಿಲ್ಲ. 1,200 ಜನರ ವಾರ್ಡಿನಲ್ಲಿ 8ರ ಮಿತಿ ಎಂದರೆ ಹತ್ತು ಕೇಸು. ಒಂದು ಮದುವೆ ಮನೆ ಸಾಕು. ವಾರ್ಡಿನಲ್ಲಿ ಹತ್ತು ಕೇಸು ಎಷ್ಟು ಮನೆಗಳಲ್ಲಿವೆ ಎಂದು ಎಣಿಸಿ. ಎರಡು ಮನೆಯಾದರೆ ಆ ಮನೆಗಳನ್ನು ನೋಡಿಕೊಳ್ಳಿ. ಎಂಟು ಮನೆಯಾದರೆ ಹಂತ ಮುಂದೆ ಹೋಗಬೇಡಿ.

ಹಂತಗಳ ನಡುವೆ ಎರಡು ವಾರ ಕಡಿಮೆಯೇ. ಸೋಂಕು ತಗಲಿ ಲಕ್ಷಣ ಕಾಣಲು ಸರಾಸರಿ ಐದು ದಿನ, ಆಸ್ಪತ್ರೆ ಸೇರುವಷ್ಟಾಗಲು ಮತ್ತೊಂದು ವಾರ, ಮನೆಯ ಹಿರಿಯರಿಗೆ ದಾಟಿ ಅವರು ಆಸ್ಪತ್ರೆಗೆ ಬರಲು ಇನ್ನೂ ಅಷ್ಟು. ಯುವಕರನ್ನು ಬಿಟ್ಟದ್ದರ ಫಲ ಆಸ್ಪತ್ರೆಯ ಹಿರಿಯರ ವಾರ್ಡಿನಲ್ಲಿ ಕಾಣುವುದು ಮೂರನೇ, ನಾಲ್ಕನೇ ವಾರದಲ್ಲಿ. ಎರಡು ವಾರಕ್ಕೆ “ಏನೂ ಆಗಲಿಲ್ಲ” ಎಂದು ಮುಂದಿನ ಹಂತ ತೆರೆದರೆ ಎರಡರ ಫಲವೂ ಒಟ್ಟಿಗೆ ಬರುತ್ತದೆ, ಯಾವುದನ್ನು ಮುಚ್ಚಬೇಕೆಂದು ಗೊತ್ತಾಗುವುದಿಲ್ಲ. ನಾಲ್ಕು ವಾರ ಇಟ್ಟುಕೊಳ್ಳಿ.

ಪ್ರಶ್ನೆ: ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರ್

ಮಕ್ಕಳನ್ನು ಕೊನೆಗೆ ಇಡಬೇಕೇ?

ಉತ್ತರ: ವೈದ್ಯೆ

ಬೇಡ ಟೀಚರೇ. ಕೋವಿಡ್‌ನಂಥ ರೋಗವಾದರೆ ಚಿಕ್ಕ ಮಕ್ಕಳಿಗೇ ಅಪಾಯ ಎಲ್ಲರಿಗಿಂತ ಕಡಿಮೆ. ಕೇರಳದಲ್ಲಿ ಶಾಲೆ ತೆರೆದದ್ದು 2021ರ ನವೆಂಬರ್ 1ಕ್ಕೆ, ಮೊದಲು 1ರಿಂದ 7, 10, 12ನೇ ತರಗತಿ, ಬ್ಯಾಚ್ ಮಾಡಿ ಮಧ್ಯಾಹ್ನದ ತನಕ. ಇನ್ನೂ ಬೇಗ ತೆರೆಯಬಹುದಿತ್ತು ಎಂಬುದು ನನ್ನ ಲೆಕ್ಕ. ಆದರೆ ಫ್ಲೂ ಹಾಗಲ್ಲ, ಅದು ಚಿಕ್ಕ ಮಕ್ಕಳನ್ನೂ ಕಾಡುತ್ತದೆ. ಮುಂದಿನ ರೋಗದ ವಯಸ್ಸಿನ ಏರು ನೋಡದೆ ಯೋಜನೆಯಲ್ಲಿ ಅಂಕಿ ಬರೆದಿಡಬಾರದು, ಆ ಜಾಗ ಖಾಲಿ ಬಿಡಿ.

ಪ್ರಶ್ನೆ: ಪಾಲಿಯೇಟಿವ್ ನರ್ಸ್, ಎಣ್ಮಕಜೆ

ನಮ್ಮಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ಪಟ್ಟಿಯಲ್ಲಿರುವ 20–30ರ ಹುಡುಗ ಹುಡುಗಿಯರು ಇದ್ದಾರೆ, ಹಾಸಿಗೆ ಬಿಟ್ಟು ಏಳದವರು. ವಯಸ್ಸಿನ ಪಟ್ಟಿಯಲ್ಲಿ ಅವರು ಮೊದಲ ಹಂತ!

ಉತ್ತರ: ಹೆಲ್ತ್ ಇನ್‌ಸ್ಪೆಕ್ಟರ್

ಹೌದು ಸಿಸ್ಟರ್, ಬರೀ ವಯಸ್ಸು ಹಿಡಿದರೆ ಹೀಗೇ ಆಗುತ್ತದೆ. ನಿಮ್ಮ ಹೋಂ ಕೇರ್ ರಿಜಿಸ್ಟರ್, ಡಯಾಲಿಸಿಸ್‌ನವರ ಪಟ್ಟಿ, ಪಿಎಚ್‌ಸಿಯ ಶುಗರ್-ಬಿಪಿ ಪಟ್ಟಿ, ಬಸುರಿಯರ ಪಟ್ಟಿ, ನಾಲ್ಕನ್ನೂ ಮನೆ ನಂಬ್ರದ ಪ್ರಕಾರ ಒಂದೇ ಹಾಳೆಗೆ ಇಳಿಸಿ. ಅವುಗಳಲ್ಲಿ ಒಂದರಲ್ಲಿ ಹೆಸರಿದ್ದರೂ ಆ ಮನೆ ‘ಆ’ ಅಥವಾ ‘ಇ’. ನೋಡಿಕೊಳ್ಳುವವರ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಮಗುವನ್ನು ಎತ್ತಿ ಊಟ ಮಾಡಿಸುವ ತಾಯಿಗೆ ಎರಡು ಮೀಟರ್ ದೂರ ಸಾಧ್ಯವಿಲ್ಲ. ಲಸಿಕೆ ಬಂದ ದಿನ ಆ ತಾಯಿಯನ್ನು ಮಗುವಿನ ಜೊತೆಗೇ ಕರೆಸಿ, ವಯಸ್ಸು ಕೇಳಬೇಡಿ. ಆಕೆ ಜ್ವರ ಬಂದು ಮಲಗಿದರೆ ಬದಲಿಗೆ ಯಾರು ಎಂಬ ಕಾಲಂ ಕೂಡ ಇರಲಿ. ಹೆಚ್ಚಿನ ಮನೆಗಳಲ್ಲಿ ಅದು ಖಾಲಿ ಬರುತ್ತದೆ. ಖಾಲಿ ಬಂದ ಮನೆಗಳ ಸಂಖ್ಯೆಯನ್ನು ಸದಸ್ಯರಿಗೆ ಕೊಡಿ, ಎಷ್ಟು ಮಂದಿ ಸ್ವಯಂಸೇವಕರಿಗೆ ತರಬೇತಿ ಬೇಕೆಂದು ಅದರಿಂದಲೇ ಲೆಕ್ಕ ಸಿಗುತ್ತದೆ.