ಸಹಾಯ ಬೇಕು: ಮನೆಯವರ ಫೋಟೋಗಳನ್ನೆಲ್ಲ ಜೋಡಿಸಿ ಕಾಪಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಫೋಟೋಗಳು ಚೆಲ್ಲಾಪಿಲ್ಲಿಯಾಗಿವೆ. ಅಪ್ಪನ ಹಳೇ ಲ್ಯಾಪ್‌ಟಾಪ್, ಅಕ್ಕನ ಫೋನು, ಪೆನ್‌ಡ್ರೈವ್‌ಗಳು, ಜೊತೆಗೆ ಅತ್ತೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಬೇರೆ. ಎಲ್ಲವನ್ನೂ ಒಂದೇ ಕಡೆ ತಂದು, ವರ್ಷದ ಪ್ರಕಾರ ಫೋಲ್ಡರ್ ಮಾಡಿಡಬೇಕು ಅಂತಿದ್ದೇನೆ.

ದೊಡ್ಡ ತೊಂದರೆ ತಾರೀಖಿನದ್ದು. ಕ್ಯಾಮೆರಾದಿಂದ ನೇರವಾಗಿ ಬಂದ ಫೈಲಿನೊಳಗೆ ಫೋಟೋ ತೆಗೆದ ದಿನ, ಸಮಯ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತಲೇ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಸೈಜೂ ಕುಗ್ಗುತ್ತದೆ. ಗೃಹಪ್ರವೇಶದ ದಿನ ಅಜ್ಜಿ ಹಾಲು ಉಕ್ಕಿಸುತ್ತಿರುವ ಫೋಟೋ ಒಂದಿದೆ. ಅವರು ಬಾಯ್ತುಂಬ ನಕ್ಕಿರುವುದು ಅದೊಂದರಲ್ಲೇ. ಗೃಹಪ್ರವೇಶ ಆಗಿದ್ದು 2009ರಲ್ಲಿ, ಫೈಲಿನ ಹೆಸರಲ್ಲಿ 2023 ಅಂತಿದೆ! ಇಂಥವು ರಾಶಿ ಇವೆ. ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್‌ನಿಂದ ಒಟ್ಟಿಗೇ ತಾರೀಖು ತಿದ್ದಬಹುದು, ಆದರೆ ನನಗೆ ಕಮಾಂಡ್ ಬರೆಯಲು ಬರುವುದಿಲ್ಲ. ಫೋಟೋ ಜೋಡಿಸಿಡುವ ಡಿಜಿಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಒಂದೇ ಫೋಟೋದ ನಾಲ್ಕೈದು ನಕಲುಗಳಿದ್ದರೆ, ಸ್ಪಷ್ಟವಾಗಿರುವುದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯಲು ಏನು ಬಳಸುತ್ತೀರಿ?

ಇನ್ನು ಬ್ಯಾಕಪ್. ಗೂಗಲ್‌ನ ಉಚಿತ 15 ಜಿಬಿ ಜೀಮೇಲ್‌ಗೂ ಸೇರಿಯೇ ಇರುವುದರಿಂದ ತುಂಬಿಹೋಗಿದೆ. ಎರಡು ಹಾರ್ಡ್‌ಡಿಸ್ಕ್ ತಗೊಂಡು, ಒಂದನ್ನು ತೀರ್ಥಹಳ್ಳಿಯಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಇಡೋಣ ಅಂತ ಯೋಚನೆ. ಎರಡೂ ಒಂದೇ ಮನೆಯಲ್ಲಿದ್ದರೆ ಕಳ್ಳತನವಾದರೂ ನೀರು ನುಗ್ಗಿದರೂ ಎಲ್ಲ ಒಟ್ಟಿಗೇ ಹೋಗುತ್ತದೆ ಅಲ್ವಾ? ಆದರೆ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಅಲ್ಲಿ ಡಿಸ್ಕ್ ಇಟ್ಟವರು ಹೇಗೆ ಕಾಪಾಡಿದ್ದೀರಿ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಸಾಕಾ?

ಅಪ್ಪ ಅಮ್ಮ ಕೂಡ ತಾವೇ ತೆರೆದು ನೋಡುವಷ್ಟು ಸುಲಭವಾಗಿರಬೇಕು. ನಿಮ್ಮ ಮನೆಯಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ವಿವರವಾಗಿ ತಿಳಿಸಿ.