ಸಹಾಯ ಬೇಕು: ಯಕ್ಷಗಾನ ಆಟದ ವಿಡಿಯೋದಲ್ಲಿ ಚೆಂಡೆಯ ಸದ್ದು ಹಿಂದೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ವಿಡಿಯೋ ಎಡಿಟರ್. ಇಡೀ ರಾತ್ರಿಯ ಯಕ್ಷಗಾನವೊಂದು ಕೈಯಲ್ಲಿದೆ. ಎರಡು ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿನಲ್ಲಿ, ಇನ್ನೊಂದು ಮೊಬೈಲ್. ಹಾಡು, ಚೆಂಡೆ, ಮದ್ದಳೆ ಬೇರೆ ರೆಕಾರ್ಡರಿನಲ್ಲಿ, 48 ಕಿಲೋಹರ್ಟ್ಸ್.

ಶುರುವಿನಲ್ಲಿ ಎಲ್ಲ ಸರಿ ಕೂಡುತ್ತದೆ. ಎರಡು ಗಂಟೆ ಕಳೆದರೆ ಭಾಗವತರ ತುಟಿ ಮುಂದೆ, ಸ್ವರ ಹಿಂದೆ! ಮೊಬೈಲಿನ ಫ್ರೇಮ್ ರೇಟ್ ಏರಿಳಿಯುತ್ತದಲ್ವಾ, ಅದನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಸ್ಥಿರ 25ಕ್ಕೆ ಬದಲಿಸಿದೆ. ಅದು ಸರಿಹೋಯಿತು. ಉಳಿದದ್ದು ಕ್ಯಾಮೆರಾ ಮತ್ತು ರೆಕಾರ್ಡರಿನ ಗಡಿಯಾರದ ವ್ಯತ್ಯಾಸ ಅನಿಸುತ್ತದೆ. ಎಲ್ಲ ರೆಕಾರ್ಡಿಂಗಿಗೂ ಒಂದೇ ಸಮಯದ ಗುರುತು ಕೊಡುವ ಟೈಮ್‌ಕೋಡ್ ಹಾಕಿರಲಿಲ್ಲ.

ಪ್ರತಿ ಪದ್ಯಕ್ಕೂ ಕತ್ತರಿಸಿ ಜೋಡಿಸಲೋ, ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಆಡಿಯೋ ವೇಗ ಚೂರು ಬದಲಿಸಲೋ? ಶ್ರುತಿ ಕೆಟ್ಟರೆ ಆಟವೇ ಕೆಟ್ಟಂತೆ, ಆ ಹೆದರಿಕೆ ಜಾಸ್ತಿ. ಮಣಿಪಾಲ, ಮಂಗಳೂರು ಕಡೆ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಹಾರ್ಡ್ ಡಿಸ್ಕ್ ಹಿಡಿದು ನಾನೇ ಬರುತ್ತೇನೆ.